ತಡೆಯಾಜ್ಞೆ ಇಲ್ಲದೆ ನಿಂತುಹೋಗುವ ಪುಸ್ತಕಗಳು

ಸರ್ಕಾರ ಒಂದು ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳಬೇಕೆಂದರೆ ಅಧಿಸೂಚನೆ ಹೊರಡಿಸಬೇಕು, ಅದರಲ್ಲಿ ತನ್ನ ಕಾರಣಗಳನ್ನು ಬರೆಯಬೇಕು. ಆ ಅಧಿಸೂಚನೆಯನ್ನು ಎರಡು ತಿಂಗಳೊಳಗೆ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 95 ಮತ್ತು 96ನೇ ಕಲಮುಗಳಲ್ಲಿದ್ದ ಈ ವ್ಯವಸ್ಥೆ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98 ಮತ್ತು 99ನೇ ಕಲಮುಗಳಲ್ಲಿ ಮುಂದುವರಿದಿದೆ. ಆದರೆ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಒಬ್ಬ ಪ್ರಕಾಶಕರು ಹಸ್ತಪ್ರತಿಯನ್ನು ಕೊನೆಯವರೆಗೆ ಓದಿ, ಬರವಣಿಗೆ ಚೆನ್ನಾಗಿದೆ ಎಂದು ಒಪ್ಪಿಕೊಂಡು, ‘ಈಗ ವಾತಾವರಣ ಸರಿಯಿಲ್ಲ, ಮುಂದೆ ನೋಡೋಣ’ ಎಂದು ಹಿಂದಿರುಗಿಸಿದರೆ ಅಲ್ಲಿ ಆದೇಶವೂ ಇಲ್ಲ, ದಿನಾಂಕವೂ ಇಲ್ಲ, ಮೇಲ್ಮನವಿಗೆ ಜಾಗವೂ ಇಲ್ಲ. ಧಾರ್ಮಿಕ ಭಾವನೆಗೆ ಧಕ್ಕೆಯಾದೀತೆಂಬ ಅಂಜಿಕೆಯಿಂದ ಪ್ರಕಾಶಕರು ತಮಗೆ ತಾವೇ ಹಾಕಿಕೊಳ್ಳುವ ಈ ಕಡಿವಾಣವನ್ನು ಯಾವ ಕಡತವೂ ದಾಖಲಿಸುವುದಿಲ್ಲ. ನಮ್ಮ ಚರ್ಚೆಗಳೆಲ್ಲ ನಿಷೇಧಗೊಂಡ ಪುಸ್ತಕಗಳ ಸುತ್ತಲೇ ನಡೆಯುವುದಕ್ಕೆ ಇದೂ ಒಂದು ಕಾರಣ, ಏಕೆಂದರೆ ಲೆಕ್ಕಕ್ಕೆ ಸಿಗುವವು ಅವು ಮಾತ್ರ.

ಈ ಅಂಜಿಕೆಯನ್ನು ಹೇಡಿತನವೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಬೆಂಗಳೂರಿನ ವೇದಿಕೆಗಳಲ್ಲಿ ಹಾಗೆ ಕರೆಯುವವರು ಬೇಕಾದಷ್ಟು ಜನ ಇದ್ದಾರೆ. ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ನಿಂತು ನೋಡಿದರೆ ವಿಷಯ ಬೇರೆಯಾಗಿ ಕಾಣುತ್ತದೆ. ಇಲ್ಲಿಯ ಪ್ರಕಾಶಕರು ಹೆದರುವುದು ಶಿಕ್ಷೆಗಿಂತ ಹೆಚ್ಚಾಗಿ ಶಿಕ್ಷೆಗೆ ಮುಂಚೆ ನಡೆಯುವ ಎಲ್ಲದಕ್ಕೂ. ಅದರ ಖರ್ಚು, ಅದರ ಓಡಾಟ, ಅದು ಊರಿನ ಸಂಬಂಧಗಳ ಮೇಲೆ ಉಳಿಸಿಹೋಗುವ ಗಾಯ ಇವೆಲ್ಲವೂ ಬೀಳುವುದು ತಡೆದುಕೊಳ್ಳುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವವರ ಮೇಲೆ ಎಂಬುದೇ ಈ ಸಮಸ್ಯೆಯ ತಿರುಳು.

ಕಾನೂನಿನ ಹುಟ್ಟಿನಿಂದಲೇ ಆರಂಭಿಸಬಹುದು. ಭಾರತೀಯ ದಂಡ ಸಂಹಿತೆಗೆ 295ಎ ಕಲಮು ಸೇರಿದ್ದು 1927ರಲ್ಲಿ, ಅದೂ ಒಬ್ಬ ಪ್ರಕಾಶಕನ ಪ್ರಕರಣದ ಬೆನ್ನಿಗೆ. 1924ರಲ್ಲಿ ಲಾಹೋರಿನ ರಾಜಪಾಲ್ ಎಂಬ ಪ್ರಕಾಶಕರು ಪ್ರವಾದಿಯವರನ್ನು ಕುರಿತ ‘ರಂಗೀಲಾ ರಸೂಲ್’ ಎಂಬ ಕಿರುಪುಸ್ತಿಕೆಯನ್ನು ಹೊರತಂದರು. ಲೇಖಕರ ಹೆಸರನ್ನು ಅವರು ಬಿಟ್ಟುಕೊಡಲಿಲ್ಲ. ಅಂದಿನ ಕಾನೂನಿನಲ್ಲಿ ಇದನ್ನು ಅಪರಾಧವೆನ್ನಲು ಅವಕಾಶವಿಲ್ಲವೆಂದು ಲಾಹೋರ್ ಹೈಕೋರ್ಟು 1927ರಲ್ಲಿ ಅವರನ್ನು ಬಿಡುಗಡೆ ಮಾಡಿತು, ಆ ತೀರ್ಪಿನಿಂದ ಎದ್ದ ಆಕ್ರೋಶವನ್ನು ಶಮನಗೊಳಿಸಲು ಬ್ರಿಟಿಷ್ ಸರ್ಕಾರ ಹೊಸ ಕಲಮನ್ನು ತಂದಿತು. ರಾಜಪಾಲ್ ಅವರನ್ನು 1929ರಲ್ಲಿ ಇರಿದು ಕೊಲ್ಲಲಾಯಿತು. ಬರೆದವರು ಮರೆಯಲ್ಲಿ ಉಳಿದರು, ಅಚ್ಚು ಹಾಕಿದವರು ನ್ಯಾಯಾಲಯವನ್ನೂ ಚೂರಿಯನ್ನೂ ಎದುರಿಸಿದರು. ಆ ಪುಸ್ತಿಕೆಯ ಗುಣಾವಗುಣ ಏನೇ ಇರಲಿ, ಪ್ರಕಾಶಕರ ವೃತ್ತಿಗೆ ಅಂಟಿಕೊಂಡಿರುವ ಅಪಾಯವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಘಟನೆ ಇನ್ನೊಂದಿಲ್ಲ.

ಅದೇ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಾಗಿ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಮೂರು ವರ್ಷಗಳವರೆಗೆ ಸೆರೆವಾಸ, ಜಾಮೀನು ಹಕ್ಕಾಗಿ ಸಿಗದ ಅಪರಾಧ. ಕಲಮಿನ ಒಳಗೆ ಒಂದು ರಕ್ಷಣೆ ಇದ್ದೇ ಇದೆ. ಉದ್ದೇಶಪೂರ್ವಕವಾಗಿ, ದ್ವೇಷಬುದ್ಧಿಯಿಂದ ಅವಮಾನಿಸಿದರೆ ಮಾತ್ರ ಅದು ಅಪರಾಧವಾಗುತ್ತದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1957ರಲ್ಲೇ ಹೇಳಿದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಇಂಥ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳುವಂತೆಯೂ ಇಲ್ಲ. ಆದರೆ ಠಾಣೆಯಲ್ಲಿ ಎಫ್‌ಐಆರ್ ದಾಖಲಾಗಲು ಆ ಅನುಮತಿ ಬೇಕಾಗಿಲ್ಲ, ಮತ್ತು ದೂರು ಇಂಥದೇ ಊರಿನಲ್ಲಿ ದಾಖಲಾಗಬೇಕೆಂಬ ಕಟ್ಟುಪಾಡೂ ಬಳಕೆಯಲ್ಲಿ ಉಳಿದಿಲ್ಲ. ಸೋಮವಾರಪೇಟೆಯಲ್ಲಿ ಪ್ರಕಟವಾದ ಪುಸ್ತಕದ ಮೇಲೆ ರಾಜ್ಯದ ಇನ್ನೊಂದು ಮೂಲೆಯಲ್ಲಿ ದೂರು ಬಿದ್ದರೆ, ರೈಲೇ ಇಲ್ಲದ ಈ ಜಿಲ್ಲೆಯಿಂದ ಅಷ್ಟು ದೂರ ಹೋಗಿ ಹಾಜರಾಗುವುದೇ ಒಂದು ದಂಡನೆ. ಕೊನೆಗೆ ಖುಲಾಸೆಯಾಗುತ್ತದೆ ಎಂಬ ಭರವಸೆಯಿಂದ ಆ ನಡುವಿನ ವರ್ಷಗಳು ಹಿಂತಿರುಗುವುದಿಲ್ಲ.

ಕನ್ನಡದ ದಾಖಲೆ ಈ ಅಂಜಿಕೆಗೆ ಸಾಕಷ್ಟು ಆಧಾರ ಒದಗಿಸುತ್ತದೆ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು ರಾಜ್ಯ ಸರ್ಕಾರ 1997ರ ಏಪ್ರಿಲ್‌ನಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದರೂ 2007ರಲ್ಲಿ ಸರ್ಕಾರದ ಆದೇಶವೇ ಊರ್ಜಿತವಾಯಿತು. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿದ ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯ ಮೇಲೆ 1998ರಲ್ಲಿ ಬಿದ್ದ ಮುಟ್ಟುಗೋಲನ್ನು 2017ರಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು. 2013ರಲ್ಲಿ ‘ಢುಂಢಿ’ ಕಾದಂಬರಿಗಾಗಿ ಯೋಗೇಶ್ ಮಾಸ್ಟರ್ ಬಂಧನಕ್ಕೊಳಗಾದರು. ಎಂ.ಎಂ. ಕಲಬುರ್ಗಿಯವರು ‘ಮಾರ್ಗ’ ಸಂಪುಟದಲ್ಲಿ ಬರೆದ ಕೆಲವು ಅಭಿಪ್ರಾಯಗಳನ್ನು 1989ರಲ್ಲಿ ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಈ ಸಾಲಿನ ಪ್ರಕರಣಗಳಲ್ಲಿ ಹಲವು ಬೇರೆ ಧರ್ಮದವರ ಆಕ್ಷೇಪದಿಂದ ಹುಟ್ಟಿದವಲ್ಲ, ಒಂದೇ ಪರಂಪರೆಯ ಒಳಗಿನ ಜಗಳದಿಂದ ಹುಟ್ಟಿದವು. ಧಾರ್ಮಿಕ ಆಕ್ರೋಶವೆಂದರೆ ಹಿಂದೂ ಮುಸ್ಲಿಂ ಘರ್ಷಣೆ ಎಂದಷ್ಟೇ ತಿಳಿಯುವವರು ಇದನ್ನು ಗಮನಿಸುವುದು ಒಳ್ಳೆಯದು. ಕೊಡಗಿಗಂತೂ ಇದು ಚೆನ್ನಾಗಿ ಹೊಂದುತ್ತದೆ. 2024ರ ಕೊನೆಯಲ್ಲಿ ಕಟ್ಟೆಮಾಡಿನ ದೇವಸ್ಥಾನದಲ್ಲಿ ಸಾಂಪ್ರದಾಯಿಕ ಉಡುಪು ಧರಿಸಿ ಪ್ರವೇಶಿಸುವ ವಿಚಾರಕ್ಕೆ ಎದ್ದ ವಿವಾದ ಒಂದೇ ದೇವರಿಗೆ ನಡೆದುಕೊಳ್ಳುವ ಎರಡು ಸಮುದಾಯಗಳ ನಡುವಿನದಾಗಿತ್ತು.

ಇಲ್ಲಿ ಪುಸ್ತಕವೊಂದು ಹೊರಬರುವ ಬಗೆಯನ್ನು ನೋಡಿದರೆ ಅಂಜಿಕೆ ಎಲ್ಲೆಲ್ಲಿ ಹೊಕ್ಕುತ್ತದೆಂಬುದು ಗೊತ್ತಾಗುತ್ತದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 5,54,519. ಕನ್ನಡ, ಕೊಡವ ತಕ್ಕ್, ಅರೆಭಾಷೆ ಎಂದು ಓದುಗರು ಹಂಚಿಹೋಗಿರುವಾಗ ಇಷ್ಟು ಸಣ್ಣ ಮಾರುಕಟ್ಟೆಯಲ್ಲಿ ಪ್ರಕಾಶನವನ್ನೇ ಕಸುಬಾಗಿಸಿಕೊಂಡು ಬದುಕುವುದು ಕಷ್ಟ. ಹೆಚ್ಚಿನವರು ಬೇರೆ ಉದ್ಯೋಗವಿದ್ದು ಪ್ರೀತಿಗಾಗಿ ಪುಸ್ತಕ ತರುವವರು. ಅನೇಕ ವೇಳೆ ಲೇಖಕರೇ ಹಣ ಹಾಕುತ್ತಾರೆ, ಇಲ್ಲವೇ ಕುಟುಂಬದವರೊಬ್ಬರು ಹಿರಿಯರ ನೆನಪಿಗೆಂದು ಕೊಡುತ್ತಾರೆ. ಅಚ್ಚಿಗೆ ಮೈಸೂರಿಗೋ ಮಂಗಳೂರಿಗೋ ಕಳುಹಿಸಬೇಕಾಗುವುದುಂಟು. ಬಿಡುಗಡೆಗೆ ಸಭಾಂಗಣ ಬೇಕು, ಆಮಂತ್ರಣ ಪತ್ರಿಕೆಯಲ್ಲಿ ಗಣ್ಯರ ಹೆಸರು ಬೇಕು. (ಪುಸ್ತಕಕ್ಕಿಂತ ಆ ಪತ್ರಿಕೆಯನ್ನು ಜನ ಹೆಚ್ಚು ಎಚ್ಚರದಿಂದ ಓದುತ್ತಾರೆ ಎಂಬುದು ಕಾರ್ಯಕ್ರಮ ನಡೆಸಿದವರಿಗೆಲ್ಲ ಗೊತ್ತು.) ಮಾರಾಟವಾಗದೆ ಉಳಿದ ಪ್ರತಿಗಳಿಗೆ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯೇ ದೊಡ್ಡ ಆಸರೆ, ಆಯ್ಕೆಯಾದರೆ ಸಾಮಾನ್ಯವಾಗಿ 300 ಪ್ರತಿ ಹೋಗುತ್ತದೆ. ವಿವಾದದ ವಾಸನೆ ಬಂದ ಪುಸ್ತಕವನ್ನು ಆಯ್ಕೆ ಸಮಿತಿ ಬದಿಗಿಡಬಹುದೆಂಬ ಊಹೆಯೊಂದೇ ಸಾಕು, ಲೆಕ್ಕ ಹಾಕುವ ಪ್ರಕಾಶಕರ ಕೈ ಹಿಂದೆ ಸರಿಯುತ್ತದೆ.

ಇದರ ಜೊತೆಗೆ ಕೊಡಗಿನದೇ ಆದ ಇನ್ನೊಂದು ಸಂಗತಿಯಿದೆ. ಕೊಡವರಲ್ಲಿ ವ್ಯಕ್ತಿಯ ಹೆಸರಿನ ಮುಂದೆ ಒಕ್ಕದ ಹೆಸರು ಬರುತ್ತದೆ, ಅರೆಭಾಷೆ ಗೌಡರಲ್ಲೂ ಮನೆತನದ ಹೆಸರು ಜೊತೆಗಿರುತ್ತದೆ. ಮುಖಪುಟದ ಮೇಲೆ ಲೇಖಕರ ಹೆಸರು ಅಚ್ಚಾದ ಕೂಡಲೇ ಅವರ ಐನ್‌ಮನೆ (ಮನೆತನದ ಮೂಲಮನೆ) ಯಾವುದು, ಯಾವ ನಾಡಿನವರು, ಯಾರ ನೆಂಟರು ಎಂಬುದು ಓದುವವರಿಗೆಲ್ಲ ತಿಳಿದುಬಿಡುತ್ತದೆ. ಬೆಂಗಳೂರಿನ ಲೇಖಕರ ಮೇಲೆ ಕೋಪ ಬಂದವರು ಠಾಣೆಗೆ ಹೋಗುತ್ತಾರೆ. ಇಲ್ಲಿ ಕೋಪ ಬಂದವರು ಮೊದಲು ಒಕ್ಕದ ಹಿರಿಯರಾದ ಪಟ್ಟೆದಾರರಿಗೆ ಫೋನು ಮಾಡುತ್ತಾರೆ. ಪುಸ್ತಕ ಬಿಡುಗಡೆಗೆ ಕೇಳಿದ ಸಮಾಜದ ಸಭಾಂಗಣದಲ್ಲೇ ಲೇಖಕರ ಮಗಳ ಮದುವೆಯೂ ನಡೆಯಬೇಕಾಗಿರುತ್ತದೆ. ಬೆದರಿಕೆ ಎಂದು ಕರೆಯಬಹುದಾದ ಒಂದು ಮಾತೂ ಎಲ್ಲೂ ಹೊರಡುವುದಿಲ್ಲ, ‘ಅದೊಂದು ಅಧ್ಯಾಯ ಬಿಟ್ಟರೆ ಪುಸ್ತಕ ಎಷ್ಟು ಚೆನ್ನಾಗಿರುತ್ತದೆ’ ಎಂಬ ಪ್ರೀತಿಯ ಸಲಹೆ ಮಾತ್ರ ಬರುತ್ತದೆ. ಪೊಲೀಸರಿಗೆ ದೂರು ಕೊಡುವಂಥದ್ದು ಅದರಲ್ಲಿ ಏನಿದೆ?

ಹೀಗೆ ಬಿಟ್ಟುಹೋಗುವ ಅಧ್ಯಾಯಗಳು ಯಾವುವಿರಬಹುದೆಂದು ಊಹಿಸುವುದು ಕಷ್ಟವಲ್ಲ. ಟಿಪ್ಪುವಿನ ಕಾಲ ಮೊದಲನೆಯದು. 1785ರಲ್ಲಿ ಕೊಡಗಿನಿಂದ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದವರ ಸಂಖ್ಯೆಯನ್ನು ಕುರಿತು ಮೂಲಗಳು ಒಪ್ಪುವುದಿಲ್ಲ, ಕೆಲವೇ ಸಾವಿರದಿಂದ ಹತ್ತಾರು ಸಾವಿರದವರೆಗೆ ಅಂದಾಜುಗಳಿವೆ. ಇತಿಹಾಸಕಾರರಿಗೆ ಇದು ಆಕರಗಳನ್ನು ತೂಗಿ ನೋಡುವ ಪ್ರಶ್ನೆ. ಪ್ರಕಾಶಕರ ಮೇಜಿನ ಮೇಲೆ ಬರುವ ಹೊತ್ತಿಗೆ ಇದು ಬೇರೆಯೇ ಪ್ರಶ್ನೆಯಾಗಿರುತ್ತದೆ, ಏಕೆಂದರೆ ಸಂಖ್ಯೆಯನ್ನು ಇಳಿಸಿದರೆ ಒಂದು ಕಡೆಯವರಿಗೂ ಏರಿಸಿದರೆ ಇನ್ನೊಂದು ಕಡೆಯವರಿಗೂ ನೋವಾಗುತ್ತದೆ. ರಾಜ್ಯ ಸರ್ಕಾರ ಟಿಪ್ಪು ಜಯಂತಿ ಆಚರಣೆ ಆರಂಭಿಸಿದ 2015ರ ನವೆಂಬರ್ 10ರಂದು ಮಡಿಕೇರಿಯಲ್ಲಿ ನಡೆದ ಘರ್ಷಣೆಯಲ್ಲಿ ಜೀವಗಳು ಹೋದವು. 2019ರಲ್ಲಿ ಬೇರೆ ಸರ್ಕಾರ ಬಂದು ಆಚರಣೆಯನ್ನು ರದ್ದು ಮಾಡಿತು, ಅದೇ ವರ್ಷ ಪಠ್ಯಪುಸ್ತಕದಿಂದಲೂ ಟಿಪ್ಪುವನ್ನು ತೆಗೆಯಬೇಕೆಂದು ಮಡಿಕೇರಿಯ ಶಾಸಕರು ಕೇಳಿದರು. 2022ರ ನವೆಂಬರ್‌ನಲ್ಲಿ ಕೊಡಗಿನವರೇ ಆದ ರಂಗಕರ್ಮಿ ಅಡ್ಡಂಡ ಕಾರ್ಯಪ್ಪ ಅವರ ‘ಟಿಪ್ಪು ನಿಜ ಕನಸುಗಳು’ ನಾಟಕದ ಪುಸ್ತಕ ಮಾರಾಟಕ್ಕೆ ಬೆಂಗಳೂರಿನ ಸಿವಿಲ್ ನ್ಯಾಯಾಲಯ ತಾತ್ಕಾಲಿಕ ತಡೆ ಕೊಟ್ಟಿತು. ಆ ತಡೆ ಲೇಖಕರ ಮೇಲೆ ಮಾತ್ರವಲ್ಲದೆ ಪ್ರಕಾಶಕರ ಮೇಲೂ, ಅಚ್ಚು ಹಾಕಿದ ಮುದ್ರಣಾಲಯದ ಮೇಲೂ ಇತ್ತು. ಆ ನಾಟಕದ ನಿಲುವನ್ನು ಒಪ್ಪಲಿ ಬಿಡಲಿ, ಸುದ್ದಿ ಓದಿದ ಸಣ್ಣ ಪ್ರೆಸ್ಸಿನ ಮಾಲೀಕರು ಕಲಿತ ಪಾಠ ಒಂದೇ ಆಗಿರಬೇಕು: ಟಿಪ್ಪು ಹೊಗಳಿಕೆಯಾದರೂ ಬೇಡ, ತೆಗಳಿಕೆಯಾದರೂ ಬೇಡ.

ಇದರಿಂದ ಆಗುವ ನಷ್ಟ ಎರಡು ಅತಿಗಳ ನಡುವಿನ ಬರವಣಿಗೆಗೆ. ಪಕ್ಷ ಹಿಡಿದು ಬರೆದ ಪುಸ್ತಕಕ್ಕೆ ಹಿಂದೆ ನಿಲ್ಲುವ ಸಂಘಟನೆಯೊಂದು ಇರುತ್ತದೆ, ಅದು ವಕೀಲರನ್ನೂ ಕೊಡುತ್ತದೆ, ಪ್ರತಿಗಳನ್ನೂ ಕೊಳ್ಳುತ್ತದೆ. ಇಸ್ಲಾಂ ಧರ್ಮದ ಕೊಡವ ಮಾಪಿಳ್ಳೆ ಕುಟುಂಬಗಳು ಇಂದಿಗೂ ಉಳಿಸಿಕೊಂಡಿರುವ ಒಕ್ಕದ ಹೆಸರುಗಳನ್ನು ಹಿಡಿದು ಎರಡು ಧರ್ಮಗಳಲ್ಲಿ ಹರಡಿಕೊಂಡ ನೆಂಟಸ್ತಿಕೆಗಳ ಚರಿತ್ರೆ ಬರೆಯಲು ಹೊರಟವರಿಗೆ ಅಂಥ ಬೆನ್ನೆಲುಬು ಎಲ್ಲಿಯದು? ಸ್ವಯಂನಿರ್ಬಂಧ ಎಲ್ಲ ಬಗೆಯ ಬರಹವನ್ನೂ ಸಮನಾಗಿ ತಡೆಯುತ್ತದೆ ಎಂಬ ಗ್ರಹಿಕೆ ತಪ್ಪು. ಅದು ಗಟ್ಟಿ ದನಿಯವರನ್ನು ಬಿಟ್ಟು ಎಚ್ಚರದಿಂದ ಬರೆಯುವವರನ್ನೇ ಮೊದಲು ತಡೆಯುತ್ತದೆ.

ಎರಡನೆಯದು ನಂಬಿಕೆ ಮತ್ತು ಆಚರಣೆಗಳ ಬರವಣಿಗೆ. ತಿತಿಮತಿ ಬಳಿಯ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬವನ್ನು ತೆಗೆದುಕೊಳ್ಳಿ. ಜೇನುಕುರುಬರೂ ಯರವರೂ ವೇಷ ಕಟ್ಟಿ, ಡಬ್ಬ ಬಡಿಯುತ್ತ, ತಮ್ಮನ್ನು ಕಾಡಿನಲ್ಲಿ ಬಿಟ್ಟು ಭದ್ರಕಾಳಿಯ ಹಿಂದೆ ಹೋದ ಅಯ್ಯಪ್ಪನನ್ನು ಬಾಯಿಗೆ ಬಂದಂತೆ ಬೈಯುತ್ತ ಬರುತ್ತಾರೆ, ದಾರಿಯಲ್ಲಿ ಸಿಕ್ಕವರನ್ನೂ ಬಿಡುವುದಿಲ್ಲ. ಬೈಗುಳವೇ ಅಲ್ಲಿ ಸೇವೆ, ಕೊನೆಗೆ ದೇವರ ಮುಂದೆ ತಪ್ಪೊಪ್ಪಿಕೊಳ್ಳುವುದೂ ಅದರ ಭಾಗ. ಜಿಲ್ಲೆಯವರೆಲ್ಲ ಬಲ್ಲ ಈ ಹಬ್ಬದ ಪದಗಳನ್ನು ಹಾಡಿದಂತೆಯೇ ಪುಸ್ತಕಕ್ಕೆ ಇಳಿಸಿದರೆ ಏನಾದೀತೆಂದು ಯೋಚಿಸಿ. ರಸ್ತೆಯಲ್ಲಿ ಕೇಳಿ ನಕ್ಕವರೇ ಪುಟದ ಫೋಟೋ ನೋಡಿದಾಗ ಕೆರಳಬಹುದು, ಏಕೆಂದರೆ ಪುಟದಲ್ಲಿ ಡಬ್ಬದ ಸದ್ದಿಲ್ಲ, ವೇಷವಿಲ್ಲ, ಹಬ್ಬದ ದಿನವಿಲ್ಲ. ಉಳಿಯುವುದು ದೇವರ ಹೆಸರು ಮತ್ತು ಒಂದು ಬೈಗುಳ. ಇಂಥಲ್ಲಿ ಸಂಗ್ರಾಹಕರು ಚುಕ್ಕಿ ಇಟ್ಟು ಮುಂದೆ ಹೋಗುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿ ಕೊಡವರ ಹಾಡುಗಳನ್ನು ಉಳಿಸಿದ ಜಿಲ್ಲೆಯಲ್ಲಿ, ಯರವರ ಮತ್ತು ಕುರುಬರ ಹಾಡುಗಳು ಚುಕ್ಕಿಗಳಾಗಿ ಉಳಿಯುವುದು ಜಾನಪದಕ್ಕೆ ಆಗುವ ಸಣ್ಣ ನಷ್ಟವಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಅಂಜುವವರ ಪಕ್ಷದ ವಾದವನ್ನು ಪೂರ್ತಿ ಕೇಳಬೇಕು. 1986ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಇಂಗ್ಲಿಷ್ ದಿನಪತ್ರಿಕೆಯೊಂದು ಮಲಯಾಳಂ ಕಥೆಯೊಂದರ ಅನುವಾದ ಪ್ರಕಟಿಸಿದಾಗ ಗಲಭೆಯಾಗಿ ಹಲವರು ಸತ್ತರು. 2010ರ ಮಾರ್ಚ್ 1ರಂದು, ತಸ್ಲೀಮಾ ನಸ್ರೀನ್ ಅವರ ಲೇಖನದ ಅನುವಾದವೊಂದು ಕನ್ನಡ ಪತ್ರಿಕೆಯಲ್ಲಿ ಬಂದದ್ದಕ್ಕೆ ಶಿವಮೊಗ್ಗ ಮತ್ತು ಹಾಸನದಲ್ಲಿ ಹಿಂಸೆ ನಡೆಯಿತು, ಶಿವಮೊಗ್ಗದಲ್ಲಿ ಇಬ್ಬರು ಸತ್ತರು. ಆ ಪತ್ರಿಕೆಗೆ ತಾನು ಬರೆದೇ ಇಲ್ಲವೆಂದು ಲೇಖಕಿ ಹೇಳಿದರು. ಸತ್ತವರು ಬರೆದವರೂ ಅಲ್ಲ, ಅಚ್ಚು ಹಾಕಿದವರೂ ಅಲ್ಲ. ತನ್ನ ಅಚ್ಚಿನ ಒಂದು ಸಾಲಿನಿಂದ ಗೋಣಿಕೊಪ್ಪದ ಸಂತೆಯಲ್ಲಿ ಯಾರದೋ ಅಂಗಡಿ ಸುಟ್ಟುಹೋದರೆ ಎಂದು ಯೋಚಿಸುವ ಪ್ರಕಾಶಕರನ್ನು ಹಂಗಿಸುವ ಹಕ್ಕು ದೂರದಲ್ಲಿ ಕುಳಿತವರಿಗೆ ಇಲ್ಲ. ಹಾಗೆಯೇ ತಿರಸ್ಕೃತವಾದ ಪ್ರತಿ ಹಸ್ತಪ್ರತಿಯೂ ಸ್ವಯಂನಿರ್ಬಂಧದ ಬಲಿಯಲ್ಲ. ಆಧಾರವಿಲ್ಲದ ಬರಹವನ್ನು, ಇನ್ನೊಂದು ಸಮುದಾಯವನ್ನು ಹೀಯಾಳಿಸುವುದಕ್ಕೆಂದೇ ಬರೆದದ್ದನ್ನು ಬೇಡವೆನ್ನುವುದು ಸಂಪಾದಕರ ಕೆಲಸವೇ. ಬರಹ ನಿಜ, ಚೆನ್ನಾಗಿಯೂ ಇದೆ, ಆದರೂ ಬೇಡ ಎನ್ನುವಲ್ಲಿ ಮಾತ್ರ ಗೆರೆ ದಾಟಿದಂತಾಗುತ್ತದೆ.

ಹಣವಿದ್ದರೆ ಧೈರ್ಯ ಬರುತ್ತದೆಂಬುದೂ ಪೂರ್ತಿ ನಿಜವಲ್ಲ. ಪೆಂಗ್ವಿನ್‌ನಂಥ ಜಾಗತಿಕ ಸಂಸ್ಥೆ 2014ರ ಫೆಬ್ರವರಿಯಲ್ಲಿ ವೆಂಡಿ ಡಾನಿಗರ್ ಅವರ ‘ದಿ ಹಿಂದೂಸ್’ ಪುಸ್ತಕವನ್ನು ಹಿಂತೆಗೆದುಕೊಂಡು ಉಳಿದ ಪ್ರತಿಗಳನ್ನು ನಾಶಪಡಿಸಲು ಒಪ್ಪಿತು. ತೀರ್ಪು ಬಂದು ಅಲ್ಲ, ಅರ್ಜಿದಾರರ ಜೊತೆ ರಾಜಿಯಾಗಿ. ಮರುವರ್ಷ ಅದನ್ನು ಮತ್ತೆ ತಂದದ್ದು ಅದಕ್ಕಿಂತ ಬಹಳ ಚಿಕ್ಕದಾದ ಸ್ಪೀಕಿಂಗ್ ಟೈಗರ್. ಮೈಸೂರಿನ ಎ.ಕೆ. ರಾಮಾನುಜನ್ ಅವರ ‘ಮುನ್ನೂರು ರಾಮಾಯಣಗಳು’ ಪ್ರಬಂಧವನ್ನು ಪ್ರಕಟಿಸಿದ್ದ ಆಕ್ಸ್‌ಫರ್ಡ್ ಪ್ರಕಾಶನ ದೂರುದಾರರಿಗೆ 2008ರಲ್ಲಿ ವಿಷಾದ ಸೂಚಿಸಿ ಪತ್ರ ಬರೆಯಿತು, 2011ರಲ್ಲಿ ವಿದ್ವಾಂಸರು ಪ್ರತಿಭಟಿಸಿದ ಮೇಲೆ ಮರುಮುದ್ರಣಕ್ಕೆ ಒಪ್ಪಿತು. ತಮಿಳಿನ ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರ ಪ್ರಕರಣ ನಮಗೆ ಇನ್ನೂ ಹತ್ತಿರದ್ದು. 2015ರ ಜನವರಿಯಲ್ಲಿ ನಾಮಕ್ಕಲ್ ಜಿಲ್ಲಾಡಳಿತ ಕರೆದ ಶಾಂತಿ ಸಭೆಯಲ್ಲಿ ಅವರ ಕಾದಂಬರಿಯೊಂದಕ್ಕಾಗಿ ಅವರಿಂದ ಕ್ಷಮಾಪಣೆ ಬರೆಸಿಕೊಳ್ಳಲಾಯಿತು, ಅವರು ಬರವಣಿಗೆಯನ್ನೇ ತೊರೆಯುವುದಾಗಿ ಸಾರಿದರು. ಅವರ ಪ್ರಕಾಶಕರಾದ ಕಾಲಚ್ಚುವಡು ಮಾತ್ರ ಲೇಖಕರ ಕೈಬಿಡಲಿಲ್ಲ. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಆ ಸಭೆಯ ಒಪ್ಪಂದಕ್ಕೆ ಕಟ್ಟುಬೀಳುವ ಬಲವಿಲ್ಲವೆಂದಿತು. ಶಾಂತಿ ಸಭೆ ಕೊಡಗಿಗೂ ಹೊಸತಲ್ಲ. ಮೆರವಣಿಗೆಗೆ ಮುಂಚೆ ಅದು ಒಳ್ಳೆಯ ಏರ್ಪಾಡು, ಪುಸ್ತಕದ ವಿಚಾರದಲ್ಲಿ ಅದೇ ಸಭೆ ಸಹಿ ಹಾಕಿಸಿಕೊಳ್ಳುವ ಜಾಗವಾಗಿಬಿಡುತ್ತದೆ. ಪ್ರತಿಭಟನೆಯ ಬೆದರಿಕೆ ಇದೆಯೆಂದು ಅಭಿವ್ಯಕ್ತಿಯನ್ನು ತಡೆಯುವುದು ಬೆದರಿಸುವವರಿಗೆ ಶರಣಾದಂತೆ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿರುವುದನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಯಾರು ನೆನಪಿಸಬೇಕು?

2025ರ ಮಾರ್ಚ್‌ನಲ್ಲಿ ಕವಿತೆಯೊಂದರ ಪ್ರಕರಣದಲ್ಲಿ ಬಂದ ತೀರ್ಪು ಸಣ್ಣ ಪ್ರಕಾಶಕರಿಗೆ ಸ್ವಲ್ಪ ಉಸಿರಾಡಲು ಅವಕಾಶ ಕೊಟ್ಟಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯಿರುವ ಅಭಿವ್ಯಕ್ತಿ ಸಂಬಂಧಿ ದೂರುಗಳಲ್ಲಿ ಎಫ್‌ಐಆರ್‌ಗೆ ಮುಂಚೆ, ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಮಿನಂತೆ 14 ದಿನಗಳೊಳಗೆ ಮುಗಿಸಬೇಕಾದ ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತವೆಂದೂ, ಮಾತಿನ ಪರಿಣಾಮವನ್ನು ಎಲ್ಲದಕ್ಕೂ ಬೆದರುವವರ ಅಳತೆಯಿಂದ ನೋಡದೆ ಗಟ್ಟಿ ಮನಸ್ಸಿನವರ ಅಳತೆಯಿಂದ ನೋಡಬೇಕೆಂದೂ ಸುಪ್ರೀಂ ಕೋರ್ಟು ಹೇಳಿತು. ತೀರ್ಪು ಠಾಣೆಯ ಮೇಜಿನವರೆಗೆ ಇಳಿದರೆ ದೂರು ಕೊಟ್ಟ ದಿನವೇ ಬಂಧನ ಎಂಬ ಭಯ ಕಡಿಮೆಯಾಗಬೇಕು. ಆದರೆ ಪಟ್ಟೆದಾರರಿಗೆ ಬರುವ ಫೋನನ್ನು ಯಾವ ನ್ಯಾಯಾಲಯವೂ ತಡೆಯಲಾರದು. ಡಿಜಿಟಲ್ ಮುದ್ರಣದಿಂದ ನೂರು ಪ್ರತಿ ಮಾತ್ರ ಹಾಕಿಸುವ ಅನುಕೂಲ ಬಂದು ಬಂಡವಾಳದ ಅಪಾಯ ಕುಗ್ಗಿದರೂ ಹಿಂಜರಿಕೆ ಅಷ್ಟೇ ಉಳಿದಿರುವುದು, ಭಯದ ಮೂಲ ಹಣದಲ್ಲಷ್ಟೇ ಇಲ್ಲವೆಂಬುದಕ್ಕೆ ಸಾಕ್ಷಿ.

ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅನುವಾದಕಿ ದೀಪಾ ಭಾಸ್ತಿ ನಮ್ಮವರೆಂದು ಮಡಿಕೇರಿ ಹೆಮ್ಮೆಪಟ್ಟಿತು. ಮಸೀದಿಗೆ ಹೆಂಗಸರ ಪ್ರವೇಶವನ್ನು ಬೆಂಬಲಿಸಿದ್ದಕ್ಕಾಗಿ ಆ ಲೇಖಕಿ 2000ದ ಸುಮಾರಿಗೆ ಸಾಮಾಜಿಕ ಬಹಿಷ್ಕಾರ ಎದುರಿಸಿದ್ದರು. ಅಂಥವೇ ಕಥೆಗಳ ಮೊದಲ ಹಸ್ತಪ್ರತಿಯನ್ನು ಹೆಸರಿಲ್ಲದ ಯುವತಿಯೊಬ್ಬಳು ಇಂದು ನಮ್ಮ ಜಿಲ್ಲೆಯ ಪ್ರಕಾಶಕರಿಗೆ ತಂದುಕೊಟ್ಟರೆ ಅವು ಅಚ್ಚಾಗುತ್ತವೆಯೇ ಎಂಬ ಪ್ರಶ್ನೆಗೆ ನನಗೆ ಧೈರ್ಯದಿಂದ ಹೌದೆನ್ನಲಾಗುವುದಿಲ್ಲ.

ಖಾಸಗಿ ಪ್ರಕಾಶಕರಿಂದ ಕೇಳಲಾಗದ್ದನ್ನು ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಗಳಿಂದ ಕೇಳಬಹುದು. ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ, ಕರ್ನಾಟಕ ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ ಎರಡೂ ಮಡಿಕೇರಿಯಲ್ಲೇ ಇವೆ. ದೂರು ಬಂದರೆ ಕಾನೂನು ನೆರವಿಗೆ ಸರ್ಕಾರದ ಬಲವಿದೆ, ಸಗಟು ಖರೀದಿಗೆ ಕಾಯುವ ಅಗತ್ಯವಿಲ್ಲ. ಅಧ್ಯಕ್ಷರೂ ಸದಸ್ಯರೂ ಸರ್ಕಾರದ ನೇಮಕವಾದ್ದರಿಂದ ಅವರಿಗೂ ತಮ್ಮದೇ ಆದ ಹಿಂಜರಿಕೆಗಳಿರುತ್ತವೆ, ನಿಜ. ಆದರೂ ಎರಡು ಕೆಲಸಗಳಿಗೆ ದೊಡ್ಡ ಧೈರ್ಯ ಬೇಕಾಗಿಲ್ಲ. ಹಸ್ತಪ್ರತಿಯನ್ನು ತಿರಸ್ಕರಿಸಿದಾಗ ಅಥವಾ ಭಾಗವೊಂದನ್ನು ತೆಗೆಯಲು ಹೇಳಿದಾಗ ಕಾರಣವನ್ನು ಬರೆದು ಕೊಡುವುದು ಮೊದಲನೆಯದು. ಹಾಗೆ ಬರೆದ ಕಾರಣವನ್ನು ಮುಂದಿನ ಸಮಿತಿಯಾದರೂ ಮರುಪರಿಶೀಲಿಸಬಹುದು. ಕುಂಡೆ ಹಬ್ಬದಂಥ ಆಚರಣೆಗಳ ಪದಗಳನ್ನು ಚುಕ್ಕಿಯಿಲ್ಲದೆ ಧ್ವನಿಮುದ್ರಿಸಿ, ಅಧ್ಯಯನ ಮಾಡುವವರಿಗೆ ಸಿಗುವಂತೆ ಸಂಗ್ರಹಿಸಿಡುವುದು ಎರಡನೆಯದು. ಅದಕ್ಕೆ ಮೊದಲು ಒಪ್ಪಿಗೆ ಕೇಳಬೇಕಾದವರು ಹಾಡುವ ಯರವರು ಮತ್ತು ಕುರುಬರು. ಯಾವ ಪದ ಹೊರಗಿನವರಿಗೆ ಕೊಡುವಂಥದ್ದು, ಯಾವುದು ಕೊಡಬಾರದ್ದು ಎಂದು ಅವರು ಹೇಳಿದ ಮೇಲೆ, ಬೇರೆಯವರ ಭಾವನೆಯ ಪ್ರಶ್ನೆಯನ್ನು ಎತ್ತಿಕೊಂಡರಾಯಿತು.